ಮಾರಿಕಣಿವೆಯ ಕೆಳಗೊಂದು ಮಂಗಳವಾರ

ಶಿರಾ ದಾಟಿದ ಮೇಲೆ ನೆಲ ತನ್ನ ಬಣ್ಣ ಬದಲಿಸುತ್ತದೆ. ತುಮಕೂರಿನ ತೆಂಗಿನ ತೋಟಗಳು ಹಿಂದೆ ಉಳಿದು ಕುರುಚಲು ಗುಡ್ಡ, ಜಾಲಿ, ಶೇಂಗಾ ಹೊಲ, ರಸ್ತೆ ಬದಿಯಲ್ಲಿ ತಲೆ ತಗ್ಗಿಸಿ ಮೇಯುವ ಕುರಿಮಂದೆ ಎದುರಾಗುತ್ತವೆ. ಆಕಾಶ ಒಮ್ಮೆಗೇ ಅಗಲವಾಗುತ್ತದೆ. ದೂರದ ಗುಡ್ಡಸಾಲಿನ ನೆತ್ತಿಯಲ್ಲಿ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿರುತ್ತವೆ. ಇದು ಮಳೆ ನೆರಳಿನ ನಾಡು. ಮಲೆನಾಡಿನಲ್ಲಿ ಸುರಿದು ಬರಿದಾದ ಮೋಡಗಳು ಇಲ್ಲಿ ಸುಮ್ಮನೆ ಹಾದು ಹೋಗುತ್ತವೆ.

ಬೆಂಗಳೂರಿನಿಂದ ಹಿರಿಯೂರಿಗೆ ಸುಮಾರು 160 ಕಿಲೋಮೀಟರ್. ಇಂದು ಅದು ಮೂರು ಗಂಟೆಯ ದಾರಿ. ಆದರೆ ಈ ದಾರಿಗೆ ಯಾರೂ ಬರೆದಿಡದ ಒಂದು ಚರಿತ್ರೆ ಇದೆ. ಮನೆಯಲ್ಲಿ ಯಾರಿಗಾದರೂ ಬುದ್ಧಿ ತಪ್ಪಿತು, ಮಾತು ನಿಂತಿತು, ರಾತ್ರಿಯೆಲ್ಲ ಕೂಗಾಟ ಶುರುವಾಯಿತು ಎಂದರೆ ಈ ಸೀಮೆಯ ಜನ ತಲೆಮಾರುಗಳ ಕಾಲ ಬೆಂಗಳೂರಿನತ್ತಲೇ ಮುಖ ಮಾಡಬೇಕಾಗಿತ್ತು. 1847ರಲ್ಲಿ ಅಲ್ಲಿ ಶುರುವಾದ ಸಣ್ಣ ಆಶ್ರಯ ಮುಂದೆ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರ ಡಿಸೆಂಬರಿನಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆದವು. ಮಗನನ್ನೋ ಸೊಸೆಯನ್ನೋ ನಡುವೆ ಕೂರಿಸಿಕೊಂಡು, ಎರಡು ಕಡೆ ಇಬ್ಬರು ಗಟ್ಟಿಯಾಗಿ ಹಿಡಿದುಕೊಂಡು, ಸಹಪ್ರಯಾಣಿಕರ ಕಣ್ಣು ತಪ್ಪಿಸಿಕೊಂಡು ಹೋದ ಕುಟುಂಬಗಳೆಷ್ಟೋ! ನಾನು ಅದೇ ದಾರಿಯನ್ನು ಎದುರು ದಿಕ್ಕಿನಲ್ಲಿ ಹಿಡಿದಿದ್ದೆ. ಆ ಚಿಕಿತ್ಸೆ ದೊಡ್ಡ ಊರು ಬಿಟ್ಟು ವೇದಾವತಿಯ ದಡಕ್ಕೆ ಹೇಗೆ ನಡೆದು ಬಂತು ಎಂಬುದನ್ನು ಕಣ್ಣಾರೆ ನೋಡುವ ಆಸೆ ನನಗಿತ್ತು.

ಹಿರಿಯೂರಿಗೆ ಬಂದವರು ಮೊದಲು ಮಾರಿಕಣಿವೆಗೆ ಹೋಗದೆ ಇರುವುದಿಲ್ಲ. ನಾನೂ ಹೋದೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಂಡಿಯಲ್ಲಿ ಕಲ್ಲಿನ ಗೋಡೆಯೊಂದು ಎದ್ದು ನಿಂತಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಅಣೆಕಟ್ಟು ಇದು. ಆಗ ಮೈಸೂರಿನ ಆಡಳಿತ ನೋಡಿಕೊಳ್ಳುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ವಾಣಿವಿಲಾಸ ಎಂಬ ಬಿರುದೇ ಜಲಾಶಯದ ಹೆಸರಾಯಿತು. ಕನ್ನಂಬಾಡಿ ಕಟ್ಟೆಗಿಂತ ಹಿರಿಯ ಕಟ್ಟೆ! ಗೋಡೆಯ ಮೇಲೆ ನಿಂತರೆ ಒಂದು ಕಡೆ ಗುಡ್ಡಗಳ ಕಾಲು ತೊಳೆಯುತ್ತ ಹರಡಿದ ನೀಲಿ ನೀರು, ಇನ್ನೊಂದು ಕಡೆ ಅಡಿಕೆ, ತೆಂಗು, ಬಾಳೆಯ ಹಸಿರು. ಆ ಹಸಿರಿನ ಆಚೆಗೆ ಮತ್ತೆ ಒಣ ನೆಲ. ಬಾಬಾಬುಡನ್‌ಗಿರಿಯಲ್ಲಿ ಹುಟ್ಟಿದ ವೇದಾವತಿ ಈ ಬಿಸಿಲಿನ ಸೀಮೆಯಲ್ಲಿ ಹೀಗೆ ತುಂಬಿ ನಿಂತದ್ದನ್ನು ಕಂಡು ನಾನು ಬಹಳ ಹೊತ್ತು ಮಾತಿಲ್ಲದೆ ನಿಂತೆ.

ಈ ಜಲಾಶಯ ತುಂಬಿ ಕೋಡಿ ಹರಿದದ್ದು 1933ರಲ್ಲಿ. ಆಮೇಲೆ ಜನ ಕಾದರು. ಅಜ್ಜ ಕಾದ, ಅಪ್ಪ ಕಾದ, ಮಗ ಕಾದ. 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿತ್ತು. ಅಂದು ಸುತ್ತಲಿನ ಊರುಗಳೆಲ್ಲ ಬಂದು ನೀರಿಗೆ ಕೈ ಮುಗಿದವು. 2025ರ ಜನವರಿಯಲ್ಲಿ ಮೂರನೆಯ ಸಲ ತುಂಬಿತು. ಕಟ್ಟೆಯ ಕೆಳಗಿನ ಕಣಿವೆ ಮಾರಮ್ಮನ ಗುಡಿಯ ಹತ್ತಿರ ಹಣ್ಣುಕಾಯಿ ಮಾರುತ್ತಿದ್ದ ಹಿರಿಯರೊಬ್ಬರು ಬರದ ವರ್ಷಗಳ ಮಾತು ತೆಗೆದರು. ಬೋರ್‌ವೆಲ್ ಕೊರೆದಷ್ಟೂ ಧೂಳು ಬಂದದ್ದು, ಕೈಯಾರೆ ನೆಟ್ಟ ತೆಂಗಿನ ಮರಗಳ ಸುಳಿ ಒಣಗಿ ಬಿದ್ದದ್ದು, ಟ್ಯಾಂಕರಿನಲ್ಲಿ ನೀರು ತಂದು ತೋಟ ಉಳಿಸಲು ಹೋಗಿ ಸಾಲ ಬೆಳೆದದ್ದು. "ಆಗ ಎದೆ ಮೇಲೆ ಕಲ್ಲು ಇಟ್ಟಂಗಾಗಿತ್ತು. ಹೊಟ್ಟೇಲಿ ಉರಿ. ಡಾಕ್ಟ್ರು ಹೊಟ್ಟೆಗೆ ಮಾತ್ರೆ ಕೊಟ್ಟರು. ಹೊಟ್ಟೇದಲ್ಲ ಅದು, ನನಗೆ ಗೊತ್ತಿತ್ತು" ಎಂದರು. ಬರ ಮಣ್ಣಿನಿಂದ ಮನಸ್ಸಿಗೆ, ಮನಸ್ಸಿನಿಂದ ಹೊಟ್ಟೆಗೆ ಇಳಿದ ದಾರಿಯನ್ನು ಆ ಹಿರಿಯರು ಮೂರು ಮಾತಿನಲ್ಲಿ ಹೇಳಿಬಿಟ್ಟಿದ್ದರು. ನೀರು ಬಂದ ಮೇಲೆ ಅವರಿಗೆ ನಿದ್ದೆಯೂ ಬಂದಿತ್ತು. ಎಲ್ಲರಿಗೂ ಹಾಗಾಗುವುದಿಲ್ಲ ಎಂಬುದು ನನಗೆ ತಿಳಿದದ್ದು ಮರುದಿನ, ಆಸ್ಪತ್ರೆಯಲ್ಲಿ.

ಸಂಜೆ ಊರೊಳಗಿನ ತೇರು ಮಲ್ಲೇಶ್ವರನ ಗುಡಿಗೆ ಹೋದೆ. ಹಿರಿಯೂರನ್ನು ದಕ್ಷಿಣ ಕಾಶಿ ಎಂದು ಕರೆಯುವ ಜನರಿಗೆ ಈ ಮಲ್ಲೇಶ್ವರನೇ ಊರಿನ ಹೃದಯ. ಮಾಘದಲ್ಲಿ ನಡೆಯುವ ರಥೋತ್ಸವಕ್ಕೆ ಸುತ್ತಲ ಹಳ್ಳಿಗಳು ಖಾಲಿಯಾಗಿ ಇಲ್ಲಿ ಸೇರುತ್ತವೆ. ಮಂಟಪದ ಒಳಛಾವಣಿಯ ಮೇಲೆ ಶಿವಪುರಾಣದ ಕಥೆಗಳನ್ನು ಬಣ್ಣದಲ್ಲಿ ಬರೆದಿದ್ದಾರೆ. ಕತ್ತೆತ್ತಿ ನೋಡುತ್ತ ನಿಂತರೆ ಕತ್ತು ನೋಯುವುದು ತಿಳಿಯುವುದಿಲ್ಲ. ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕುಳಿತ ಒಬ್ಬ ತಾಯಿ, ಆಕೆಯ ಮಡಿಲಲ್ಲಿ ತಲೆಯಿಟ್ಟು ಮಲಗಿದ ಹದಿಹರೆಯದ ಮಗಳು. ಹುಡುಗಿಯ ರಟ್ಟೆಯಲ್ಲಿ ಹೊಸ ತಾಯತ.

ಮನಸ್ಸು ಕೆಟ್ಟಾಗ ನಮ್ಮ ಜನ ಮೊದಲು ದೇವರ ಬಳಿಗೆ ಹೋಗುತ್ತಾರೆ. ಅದನ್ನು ಹಗುರವಾಗಿ ನೋಡಲು ನನ್ನಿಂದ ಆಗದು. ನಿಮ್ಹಾನ್ಸ್‌ನ ಮನೋವೈದ್ಯ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ ರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕೆಲವು ವಾರ ಅಲ್ಲಿ ಉಳಿದು, ಗುಡಿಯ ಸಣ್ಣಪುಟ್ಟ ಕೆಲಸ ಮಾಡಿಕೊಂಡು, ಯಾರ ಬೈಗುಳವೂ ಇಲ್ಲದೆ ಬದುಕಿದವರ ಲಕ್ಷಣಗಳು ಅಳೆದು ನೋಡುವಷ್ಟು ಇಳಿದಿದ್ದವು. ಆಸರೆ ಎಂಬುದಕ್ಕೆ ಅಷ್ಟು ಶಕ್ತಿ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು, ದರ್ಗಾದ ಸುತ್ತಲಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಓಡಲಾಗದೆ ಸುಟ್ಟುಹೋದರು. ನಂಬಿಕೆಯ ನೆರಳಿನಲ್ಲಿ ಪ್ರೀತಿಯೂ ಇದೆ, ಸರಪಳಿಯೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾವುದೇ ರೂಪದಲ್ಲಿ ರೋಗಿಯನ್ನು ಸರಪಳಿಯಿಂದ ಬಿಗಿಯುವುದನ್ನು ನಿಷೇಧಿಸಿದೆ. ಗುಡಿಯ ಆ ತಾಯಿಯ ಪಕ್ಕದಲ್ಲಿ ಕುಳಿತು ಮಾತಾಡಿಸಿದೆ. "ನಾಳೆ ಮಂಗಳವಾರ ಅಲ್ವಾ, ಇಲ್ಲೇ ಆಸ್ಪತ್ರೇಲಿ ಮನಸ್ಸಿನ ಡಾಕ್ಟ್ರು ಬರ್ತಾರಂತೆ. ಆಶಾ ಕಾರ್ಯಕರ್ತೆ ಹೇಳಿದ್ಲು. ಸ್ವಾಮಿಗೆ ಒಂದು ಮಾತು ಹೇಳಿ ಹೋಗೋಣ ಅಂತ ಬಂದೀವಿ" ಎಂದರು. ತಾಯತವೂ ಇರಲಿ, ಮಾತ್ರೆಯೂ ಬರಲಿ ಎಂಬ ಆ ಸರಳ ಬುದ್ಧಿಗೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ.

ಆ ಮಂಗಳವಾರಕ್ಕೂ ಒಂದು ಹಿನ್ನೆಲೆ ಇದೆ. 2014ರಲ್ಲಿ ಕರ್ನಾಟಕ ಸರ್ಕಾರ ಮನೋಚೈತನ್ಯ ಎಂಬ ಕಾರ್ಯಕ್ರಮ ಶುರು ಮಾಡಿತು. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ಕೂರಬೇಕು, ಔಷಧ ಅಲ್ಲೇ ಉಚಿತವಾಗಿ ಸಿಗಬೇಕು ಎಂಬುದು ಅದರ ಉದ್ದೇಶ. ಕೇಳಲು ಸಾಮಾನ್ಯ ಸಂಗತಿ. ಆದರೆ ನೂರಾರು ಕಿಲೋಮೀಟರ್ ಹೋಗಬೇಕಾಗಿದ್ದ ಮನುಷ್ಯನ ಪಾಲಿಗೆ ಆಸ್ಪತ್ರೆ ಸಂತೆಯಷ್ಟು ಹತ್ತಿರ ಬಂದಿತ್ತು.

ಬೆಳಿಗ್ಗೆ ಹತ್ತರ ಹೊತ್ತಿಗೆ ಕೊಠಡಿಯ ಮುಂದೆ ಬೆಂಚುಗಳು ತುಂಬಿದ್ದವು. ನಾನು ಒಂದು ಮೂಲೆಯಲ್ಲಿ ನಿಂತು ಕಿವಿಗೊಟ್ಟೆ. ಅಲ್ಲಿ ಯಾರೂ ದುಃಖದ ಮಾತು ಆಡುತ್ತಿರಲಿಲ್ಲ. "ಎದೆ ಡವಡವ ಅಂತೈತೆ." "ಮೈಯೆಲ್ಲ ಜುಮುಜುಮು." "ಅಂಗಾಲು ಉರಿ." "ತಲೆ ಭಾರ, ಕತ್ತು ಎಳೆತ." "ಸುಸ್ತು ಸಾ, ಏಳಕ್ಕೇ ಆಗಲ್ಲ." ಎಲ್ಲವೂ ಮೈಯ ದೂರುಗಳು! ಎಷ್ಟೋ ಜನ ಎರಡು ಮೂರು ಕಡೆ ಇಸಿಜಿ ಮಾಡಿಸಿ, ಸ್ಕ್ಯಾನ್ ಮಾಡಿಸಿ, ಗ್ಲುಕೋಸ್ ಹಾಕಿಸಿಕೊಂಡು, ಕಡೆಗೆ ಇಲ್ಲಿಗೆ ಬಂದಿದ್ದರು. ವೈದ್ಯರು ಆತುರಪಡಲಿಲ್ಲ. "ನಿದ್ದೆ ಹೇಗಿದೆ? ಬೆಳಗಿನ ಜಾವ ಎಷ್ಟು ಹೊತ್ತಿಗೆ ಎಚ್ಚರ? ಊಟ ರುಚಿ ಹತ್ತುತ್ತಾ? ಮೊದಲು ಇಷ್ಟವಾಗುತ್ತಿದ್ದ ಕೆಲಸ ಈಗ ಬೇಡ ಅನ್ಸುತ್ತಾ?" ಎಂದು ಕೇಳುತ್ತ ಹೋದರು. ನಾಲ್ಕನೆಯ ಪ್ರಶ್ನೆಗೆ ಹೆಂಗಸೊಬ್ಬರು ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದರು. ಎದೆಯ ಡವಡವದ ಹಿಂದೆ ಇದ್ದದ್ದು ಆಗ ಹೊರಗೆ ಬಂತು.

ಯಾಕೆ ಹೀಗೆ? ಬೆಂಗಳೂರಿನಲ್ಲೇ ನಡೆದ ಅಧ್ಯಯನವೊಂದು ನನಗೆ ನೆನಪಾಯಿತು. ರಘುರಾಮ್, ಚನ್ನಬಸವಣ್ಣ ಮತ್ತು ವಿದೇಶಿ ಸಹೋದ್ಯೋಗಿಗಳು 1996ರಲ್ಲಿ ಪ್ರಕಟಿಸಿದ ಆ ಬರಹ, ಖಿನ್ನತೆಯ ರೋಗಿಗಳನ್ನು ಅವರ ಕಳಂಕದ ಭಯದ ಬಗ್ಗೆ ಕೇಳಿತ್ತು. ದುಃಖ, ನಿರಾಸೆ ಹೆಚ್ಚು ಹೇಳಿಕೊಂಡವರಲ್ಲಿ ಜನ ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಹೆಚ್ಚಿತ್ತು. ಮೈನೋವು ಹೆಚ್ಚು ಹೇಳಿಕೊಂಡವರಲ್ಲಿ ಅದು ಕಡಿಮೆ. ಸೊಂಟನೋವು ಎಂದರೆ ನೆರೆಮನೆಯವರು ಕಷಾಯ ತಂದು ಕೊಡುತ್ತಾರೆ. ಬದುಕು ಬೇಡವಾಗಿದೆ ಎಂದರೆ ಮಗಳ ಮದುವೆಯೇ ನಿಂತುಹೋಗಬಹುದು. ಹಾಗಾಗಿ ಮನಸ್ಸು ತನ್ನ ಅಳಲನ್ನು ಮೈಯ ಕೈಗೆ ಕೊಟ್ಟು ಕಳಿಸುತ್ತದೆ. ಆದರೆ ಆ ನೋವು ನಟನೆಯಲ್ಲ, ಸುಳ್ಳಲ್ಲ. ಅದು ನಿಜವಾದ ನೋವು.

ಅದು ನಿಜವಾಗುವ ಬಗೆಯನ್ನು ವೈದ್ಯರು ಬಿಡುವಿನಲ್ಲಿ ನನಗೆ ವಿವರಿಸಿದರು. ಆಪತ್ತು ಬಂದಾಗ ಮಿದುಳು ಸಂದೇಶ ಕಳಿಸುತ್ತದೆ. ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಸುರಿಸುತ್ತವೆ. ಎದೆ ಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಇದು ಜೀವ ಉಳಿಸುವ ಏರ್ಪಾಡು. ಕಳ್ಳ ಬಂದಾಗ ಬೊಗಳಬೇಕಾದ ನಾಯಿ ಹಗಲೂ ರಾತ್ರಿ ಬೊಗಳುತ್ತಲೇ ಇದ್ದರೆ ಮನೆಯವರಿಗೆ ನೆಮ್ಮದಿ ಎಲ್ಲಿಯದು? ಚಿಂತೆ ವರ್ಷಗಟ್ಟಲೆ ಉಳಿದರೆ ಆಗುವುದೂ ಅದೇ. ರಕ್ತದೊತ್ತಡ ಇಳಿಯುವುದಿಲ್ಲ, ಸಕ್ಕರೆ ಹತೋಟಿಗೆ ಬರುವುದಿಲ್ಲ, ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟು ನೋವು ಹೆಚ್ಚುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆ ಇತರರಿಗಿಂತ ಸುಮಾರು ಇಮ್ಮಡಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರೇಜರ್ ಸ್ಮಿತ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿಕೊಟ್ಟ ಸಂಗತಿ ಇನ್ನೂ ಬೆಚ್ಚಿಬೀಳಿಸುವಂಥದು. ಹೃದಯಾಘಾತದಿಂದ ಬದುಕುಳಿದವರಲ್ಲಿ ಖಿನ್ನತೆಗೆ ಒಳಗಾದವರು ಮುಂದಿನ ಆರು ತಿಂಗಳಲ್ಲಿ ಸಾಯುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು.

ಹಾಗೆಂದು ಮೈಯ ದೂರೆಲ್ಲ ಮನಸ್ಸಿನದೇ ಎಂದು ವೈದ್ಯರು ತೀರ್ಮಾನಿಸಲಿಲ್ಲ. ಮಂಕು ಹಿಡಿದಂತೆ ಕುಳಿತಿದ್ದ ನಡುವಯಸ್ಸಿನವರೊಬ್ಬರನ್ನು ಕಂಡೊಡನೆ ಕೈಯ ಚರ್ಮ ಮುಟ್ಟಿದರು, ದನಿ ಗಮನಿಸಿದರು, ಥೈರಾಯ್ಡ್ ಪರೀಕ್ಷೆಗೆ ಬರೆದರು. ಆ ಗ್ರಂಥಿ ಸೋತರೆ ಮನಸ್ಸೂ ನಿಧಾನವಾಗುತ್ತದೆ. ಒಬ್ಬ ಅಜ್ಜಿಗೆ ಮರೆವು, ಕಾಲಲ್ಲಿ ಜೋಮು, ಸೊಸೆಯ ಮೇಲೆ ಇದ್ದಕ್ಕಿದ್ದಂತೆ ಅನುಮಾನ. ಮಾಂಸ, ಮೊಟ್ಟೆ ಮುಟ್ಟದ ಮನೆ, ಹಾಲೂ ಅಪರೂಪ. ಬಿ12 ಕೊರತೆ ಇರಬಹುದೆಂದು ರಕ್ತ ಪರೀಕ್ಷೆ ಹೇಳಿದರು. ಆ ಒಂದು ಜೀವಸತ್ವ ಕಡಿಮೆಯಾದರೆ ಮನುಷ್ಯನ ನೆನಪು, ನಡಿಗೆ, ನಂಬಿಕೆ ಮೂರೂ ಅಲುಗಾಡಬಹುದು; ಬೇಗ ಗುರುತಿಸಿದರೆ ಕೆಲವು ಇಂಜೆಕ್ಷನ್‌ಗಳಲ್ಲಿ ಮರಳಿ ಬರಬಹುದು! ಮೂರ್ಛೆರೋಗದ ಹುಡುಗನೊಬ್ಬ ಮಾತ್ರೆ ನಿಲ್ಲಿಸದೆ ನುಂಗಿದ್ದರಿಂದ ಫಿಟ್ಸ್ ನಿಂತು ಮತ್ತೆ ಶಾಲೆಗೆ ಹೋಗತೊಡಗಿದ್ದ. ಗಾಳಿ ಸೋಕಿದೆ ಎಂದು ಆತನ ಹಣೆಗೆ ಹಿಂದೆ ಯಾರೋ ಹಾಕಿದ್ದ ಬರೆ ಇನ್ನೂ ಕಾಣುತ್ತಿತ್ತು. ಅದನ್ನು ನೋಡಿ ನನ್ನ ಕಣ್ಣು ತುಂಬಿತು.

ನಾನು ಕಟ್ಟೆಯ ಹಿರಿಯರ ಮಾತು ಹೇಳಿದೆ, ನೀರು ಬಂದ ಮೇಲೆ ನಿದ್ದೆ ಬಂದ ಕಥೆ. ವೈದ್ಯರು ತಲೆಯಾಡಿಸಿದರು. "ಅವರದು ಸಂಕಟ. ಕಾರಣ ಹೋದರೆ ಸಂಕಟ ಹೋಗುತ್ತದೆ. ಕೆಲವರದು ಕಾಯಿಲೆಯಾಗಿ ನೆಲೆಸಿಬಿಡುತ್ತದೆ. ಮಳೆ ಬರುತ್ತದೆ, ಸಾಲ ತೀರುತ್ತದೆ, ಆದರೂ ಹಾಸಿಗೆಯಿಂದ ಏಳಲಾಗುವುದಿಲ್ಲ. ಅಂಥವರಿಗೆ ಧೈರ್ಯ ಹೇಳಿದರೆ ಸಾಲದು, ಚಿಕಿತ್ಸೆ ಬೇಕು" ಎಂದರು. ಮಧ್ಯಾಹ್ನದ ಹೊತ್ತಿಗೆ ಗುಡಿಯ ತಾಯಿಯೂ ಮಗಳೂ ಮಾತ್ರೆಯ ಪೊಟ್ಟಣ ಹಿಡಿದು ಹೊರಬಂದರು. ತಾಯತದ ಬಗ್ಗೆ ವೈದ್ಯರು ಒಂದು ಮಾತೂ ಆಡಿರಲಿಲ್ಲ. ಮಾತ್ರೆ ತಮ್ಮಷ್ಟಕ್ಕೆ ನಿಲ್ಲಿಸಬಾರದು ಎಂದಷ್ಟೇ ಎರಡು ಸಲ ಹೇಳಿದ್ದರು.

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೊರಟಾಗ ಕಿಟಕಿಯಾಚೆ ಎರೆಹೊಲಗಳು, ಈರುಳ್ಳಿ, ಮೆಕ್ಕೆಜೋಳ, ಅಲ್ಲಲ್ಲಿ ಬಿಳಿಜೋಳ. ಜೋಳದ ತೆನೆಯನ್ನು ನೋಡಿದರೆ ಮನೋರೋಗ ನೆನಪಾಗುವುದುಂಟೇ? ನನಗೆ ನೆನಪಾಯಿತು. ಪೆಲಾಗ್ರ ಎಂಬ ಕಾಯಿಲೆಯಲ್ಲಿ ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಹತ್ತುತ್ತದೆ, ಕಡೆಗೆ ಬುದ್ಧಿ ಕದಡುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಮಾನಸಿಕ ಆಸ್ಪತ್ರೆಗಳು ಇಂಥ ರೋಗಿಗಳಿಂದ ತುಂಬಿದ್ದವು. ಇದು ಸೋಂಕಲ್ಲ, ಮೆಕ್ಕೆಜೋಳವನ್ನೇ ನಂಬಿದ ಬಡವರ ಊಟದ ಕೊರತೆ ಎಂದು ಜೋಸೆಫ್ ಗೋಲ್ಡ್‌ಬರ್ಗರ್ 1914ರಿಂದ ಹೋರಾಡಿ ತೋರಿಸಿಕೊಟ್ಟರು. ಕೊರತೆಯಾಗಿದ್ದದ್ದು ನಯಾಸಿನ್ ಎಂಬ ಜೀವಸತ್ವ ಎಂದು 1937ರಲ್ಲಿ ತಿಳಿಯಿತು. ನಮ್ಮ ದಖ್ಖನ್ನಿನ ಜೋಳ ತಿನ್ನುವ ಬಡವರಲ್ಲೂ ಅದೇ ಕಾಯಿಲೆ ಇತ್ತು. ಹೈದರಾಬಾದಿನ ಪೌಷ್ಟಿಕತಾ ಪ್ರಯೋಗಾಲಯದ ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಇದಕ್ಕೆ ಕಾರಣವಿರಬೇಕು ಎಂದು ವಾದಿಸಿದರು. ಬೇಳೆ, ಕಾಳು, ಹಾಲು, ಮೊಟ್ಟೆ ಊಟಕ್ಕೆ ಸೇರಿದಂತೆ ಈ ಕಾಯಿಲೆ ವಿರಳವಾಯಿತು. ಹುಚ್ಚೆಂದು ಕೂಡಿಹಾಕಿದ್ದ ಮನುಷ್ಯನಿಗೆ ಬೇಕಾಗಿದ್ದದ್ದು ಸರಿಯಾದ ಊಟ! ಈ ಒಂದು ಸತ್ಯಕ್ಕೆ ಎಷ್ಟು ಬೆರಗುಪಟ್ಟರೂ ಸಾಲದು.

ಇನ್ನೊಂದು ಬೆರಗು ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೇ ಬೆಳೆಯುವ ಸರ್ಪಗಂಧದ ಬೇರಿನದು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಎಂಬ ಬಂಗಾಳದ ವೈದ್ಯರು ಈ ಬೇರು ಉನ್ಮಾದವನ್ನೂ ಇಳಿಸುತ್ತದೆ, ಏರಿದ ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಬರೆದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ಮೇಲಿನ ಅದರ ಪರಿಣಾಮವನ್ನು ಜಗತ್ತಿನ ಮುಂದಿಟ್ಟರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರ ಸಾರ ರೆಸರ್ಪಿನ್ ಬೇರ್ಪಟ್ಟಿತು. 1954ರಲ್ಲಿ ನೇಥನ್ ಕ್ಲೈನ್ ಅಮೆರಿಕದಲ್ಲಿ ಅದನ್ನು ಮನೋರೋಗಿಗಳಿಗೆ ಕೊಟ್ಟರು. ಆಮೇಲೆ ಕಂಡದ್ದು ವಿಚಿತ್ರ. ರಕ್ತದೊತ್ತಡಕ್ಕೆಂದು ರೆಸರ್ಪಿನ್ ನುಂಗಿದ ಕೆಲವರು ಖಿನ್ನರಾದರು. ಆ ಸುಳಿವು ಹಿಡಿದೇ ವಿಜ್ಞಾನಿಗಳು ಮಿದುಳಿನ ರಾಸಾಯನಿಕಗಳಿಗೂ ಮನಸ್ಸಿನ ಸ್ಥಿತಿಗೂ ಇರುವ ನಂಟನ್ನು ಹುಡುಕುತ್ತ ಹೋದರು. ಒಂದೇ ಬೇರು, ಒಂದೇ ಸಲಕ್ಕೆ ಹೃದಯಕ್ಕೂ ಮನಸ್ಸಿಗೂ ಇಳಿಯುತ್ತದೆ. ಇವೆರಡರ ನಡುವೆ ಗೋಡೆ ಎಲ್ಲಿದೆ?

ಚಿತ್ರದುರ್ಗದ ಕೋಟೆ ಹತ್ತಿ ನಿಂತಾಗ ಸೂರ್ಯ ಜೋಗಿಮಟ್ಟಿಯ ಕಡೆಗೆ ವಾಲಿದ್ದ. ಏಳು ಸುತ್ತಿನ ಕಲ್ಲುಗಳು ಕೆಂಪಾಗಿದ್ದವು. ಉತ್ತರಕ್ಕೆ ಕಣ್ಣು ಹಾಯಿಸಿದರೆ ಮೊಳಕಾಲ್ಮೂರು, ಅದರಾಚೆ ಬಳ್ಳಾರಿ. ಹಿರಿಯೂರನ್ನು ಮುಟ್ಟಿ ಹೋದ ವೇದಾವತಿ ಆಂಧ್ರದ ನೆಲ ಸುತ್ತಿ, ಹಗರಿ ಎಂಬ ಹೆಸರಿನಲ್ಲಿ ಬಳ್ಳಾರಿ ಸೀಮೆಗೆ ಇಳಿದು ತುಂಗಭದ್ರೆಯನ್ನು ಸೇರುತ್ತದೆ. ನದಿ ಇತ್ತಣಿಂದ ಅತ್ತ ಹೋಯಿತು. ನಾನು ಹುಡುಕಿ ಬಂದ ವಿಚಾರ ಅತ್ತಣಿಂದ ಇತ್ತ ಬಂತು. 1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ ಹೊರಗಿನ ಸಕಲವಾರ ಎಂಬ ಹಳ್ಳಿಯಲ್ಲಿ ಸಮುದಾಯ ಘಟಕ ತೆರೆದು, ಮನೋರೋಗವನ್ನು ಗುರುತಿಸಲು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೇ ಕಲಿಸಬಹುದು ಎಂದು ಕಂಡುಕೊಂಡರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು 1985ರಲ್ಲಿ ಆಯ್ದುಕೊಂಡದ್ದು ಬಳ್ಳಾರಿಯನ್ನು. ಸುಮಾರು 20 ಲಕ್ಷ ಜನರ ಜಿಲ್ಲೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರು, ಕೆಲವೇ ಬಗೆಯ ಅಗತ್ಯ ಮಾತ್ರೆಗಳು. ಆ ಪ್ರಯೋಗ ಗೆದ್ದಿತು. 1996ರಲ್ಲಿ ದೇಶ ಅದನ್ನೇ ಮಾದರಿಯಾಗಿ ಹಿಡಿದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಕಟ್ಟಿತು. ನಮ್ಮ ಬಿಸಿಲು ಸೀಮೆಯ ಒಂದು ಜಿಲ್ಲೆ ಇಡೀ ಭಾರತಕ್ಕೆ ದಾರಿ ತೋರಿಸಿತು ಎಂಬುದು ಎಷ್ಟು ಕನ್ನಡಿಗರಿಗೆ ಗೊತ್ತು?

ಮುಂದೆ ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಅವರವರ ಊರಿನಲ್ಲೇ ವರ್ಷಗಟ್ಟಲೆ ನೋಡಿಕೊಂಡಿತು. ಔಷಧ ಬಿಡದೆ ತೆಗೆದುಕೊಂಡವರು ಮನೆಗೆಲಸ, ಹೊಲದ ಕೆಲಸ, ಜನರ ಒಡನಾಟಕ್ಕೆ ಮರಳಿದರು. ಚಿಕಿತ್ಸೆ ಎಂದರೆ ಗೋಡೆಯೊಳಗೆ ಇಡುವುದು ಎಂಬ ಹಳೆಯ ಕಲ್ಪನೆ ನಮ್ಮ ತಾಲ್ಲೂಕುಗಳಲ್ಲೇ ಮುರಿದುಬಿತ್ತು.

ಹೊಸದುರ್ಗದ ಕಡೆಗೆ ಹೋಗುವಾಗ ದಾರಿಯುದ್ದಕ್ಕೂ ಹಟ್ಟಿಗಳು ಸಿಗುತ್ತವೆ. ಕಾಡುಗೊಲ್ಲರ ಹಟ್ಟಿಗಳ ಹಾಡು, ಕಥೆ, ಗುಬ್ಬ ಎಂಬ ದೇವರ ಗುಡಿಗಳು ಈ ನಾಡಿನ ಸಂಪತ್ತು. ಅಲ್ಲಿನ ಕೆಲವು ಹಟ್ಟಿಗಳಲ್ಲಿ ಬಾಣಂತಿ ಮತ್ತು ಹಸುಗೂಸನ್ನು ಊರಾಚೆಯ ಗುಡಿಸಲಿನಲ್ಲಿ ಇರಿಸುವ ರೂಢಿಯನ್ನು ನೆನೆದಾಗ ಮಾತ್ರ ಎದೆ ಹಿಂಡುತ್ತದೆ. ಹೆತ್ತ ಮೊದಲ ವಾರಗಳು ಹೆಣ್ಣಿನ ಮನಸ್ಸಿಗೆ ಅತ್ಯಂತ ಸೂಕ್ಷ್ಮವಾದ ಕಾಲ. ಹಾರ್ಮೋನುಗಳು ಒಮ್ಮೆಗೇ ಇಳಿಯುತ್ತವೆ, ನಿದ್ದೆ ಇರುವುದಿಲ್ಲ. ಸಾವಿರ ಹೆರಿಗೆಗೆ ಒಂದಿಬ್ಬರು ತಾಯಂದಿರಿಗೆ ತೀವ್ರವಾದ ಬಾಣಂತಿ ಮನೋರೋಗ ಬರುತ್ತದೆ. ಖಿನ್ನತೆ ಅದಕ್ಕಿಂತ ಎಷ್ಟೋ ಹೆಚ್ಚು ಜನರಿಗೆ. ಆ ಹೊತ್ತಿನಲ್ಲಿ ಬೇಕಾದದ್ದು ಬೆಚ್ಚಗಿನ ಮನೆ, ಪಕ್ಕದಲ್ಲೊಂದು ಜೀವ. ಕನ್ನಡದಲ್ಲಿ ಇದನ್ನು ಗಟ್ಟಿಯಾಗಿ ಹೇಳಿದವರು ಕಾದಂಬರಿಗಾರ್ತಿ ತ್ರಿವೇಣಿ. ಮನಶ್ಶಾಸ್ತ್ರ ಓದಿದ್ದ ಅವರು ಶರಪಂಜರದ ಕಾವೇರಿಯನ್ನು ಸೃಷ್ಟಿಸಿದರು. ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದಾಗ ಕಲ್ಪನಾ ಅವರ ಕಣ್ಣುಗಳು ನಾಡೇ ಅಳುವಂತೆ ಮಾಡಿದವು. ಆಸ್ಪತ್ರೆ ಕಾವೇರಿಯನ್ನು ವಾಸಿಮಾಡಿ ಕಳಿಸುತ್ತದೆ. ಮನೆ ಮತ್ತು ಬೀದಿ ಸೇರಿ ಆಕೆಯನ್ನು ಮತ್ತೆ ಕೆಡವುತ್ತವೆ. 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತ್ರಿವೇಣಿ ತೀರಿಕೊಂಡರು. ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕ ನಿಮ್ಹಾನ್ಸ್‌ನಲ್ಲಿ ತೆರೆದದ್ದು 2009ರಲ್ಲಿ. ಅವರು ಅದನ್ನು ನೋಡಬೇಕಿತ್ತು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕುಳಿತು ನಾನು ಕಂಡದ್ದನ್ನೆಲ್ಲ ಮನಸ್ಸಿನಲ್ಲಿ ಒಟ್ಟುಗೂಡಿಸಿದೆ. ಅಲ್ಲಿಂದ ಹೊರಡುವ ಶಿವಸಂಚಾರ ತಂಡದ ನಾಟಕಗಳು ಊರೂರು ತಿರುಗುತ್ತವೆ. ನಗುವ, ಅಳುವ, ಒಟ್ಟಿಗೆ ಕೂರುವ ಅವಕಾಶವೂ ಆರೋಗ್ಯದ ಒಂದು ಭಾಗವೇ. ಯೋಗದ ಬಗ್ಗೆಯೂ ನಿಮ್ಹಾನ್ಸ್‌ನಲ್ಲಿ ಗಂಗಾಧರ್, ಜಗದೀಶ ತೀರ್ಥಳ್ಳಿ ಮೊದಲಾದವರು ಪರೀಕ್ಷೆ ನಡೆಸಿ, ಖಿನ್ನತೆಯ ರೋಗಿಗಳು ಯೋಗಾಭ್ಯಾಸ ಮಾಡಿದಾಗ ರಕ್ತದ ಕಾರ್ಟಿಸಾಲ್ ಇಳಿದದ್ದನ್ನು 2013ರಲ್ಲಿ ವರದಿ ಮಾಡಿದ್ದಾರೆ. ಉಸಿರು, ಊಟ, ನಿದ್ದೆ, ಒಡನಾಟ, ಮಾತ್ರೆ ಎಲ್ಲವೂ ಒಂದೇ ಮನುಷ್ಯನನ್ನು ಮುಟ್ಟುತ್ತವೆ.

ಹೊಳಲ್ಕೆರೆಯ ಅಡಿಕೆ ತೋಟಗಳ ನಡುವೆ ಹಾದು ಮರಳುವಾಗ ಮನಸ್ಸಿಗೆ ಚುಚ್ಚುತ್ತಿದ್ದ ಸಂಗತಿ ಒಂದೇ. ತೀವ್ರ ಮನೋರೋಗ ಇರುವವರು ಇತರರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಬಹುಪಾಲು ಜನರನ್ನು ಕೊಲ್ಲುವುದು ಹೃದ್ರೋಗ, ಸಕ್ಕರೆ ಕಾಯಿಲೆ, ಸೋಂಕಿನಂಥ ಸಾಮಾನ್ಯ ಕಾಯಿಲೆಗಳೇ. ಕೆಲವು ಔಷಧಗಳು ತೂಕ ಏರಿಸುತ್ತವೆ. ಎದೆನೋವು ಎಂದರೆ ಭ್ರಮೆ ಎಂದು ತಳ್ಳಿಹಾಕುವವರೂ ಇದ್ದಾರೆ. ಆದ್ದರಿಂದಲೇ ಆ ಮಂಗಳವಾರ ಪ್ರತಿ ರೋಗಿಯ ತೂಕ, ರಕ್ತದೊತ್ತಡ, ಸಕ್ಕರೆ ನೋಡುತ್ತಿದ್ದ ನರ್ಸ್ ನನಗೆ ದೊಡ್ಡ ಕೆಲಸ ಮಾಡುತ್ತಿರುವವರಂತೆ ಕಂಡರು.

ದೇಶದ 12 ರಾಜ್ಯಗಳಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇದೆ. ಕಾಯಿಲೆಗೆ ತಕ್ಕಂತೆ ಅವರಲ್ಲಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಓದುಗರೇ, ನಿಮ್ಮ ಮನೆಯಲ್ಲಿ ಯಾರಾದರೂ ವಾರಗಟ್ಟಲೆ ನಿದ್ದೆಗೆಟ್ಟಿದ್ದರೆ, ಎಲ್ಲ ಪರೀಕ್ಷೆ ಸರಿಯಿದ್ದರೂ ನೋವು ನಿಲ್ಲದಿದ್ದರೆ, ಮಾತು ಕಡಿಮೆಯಾಗಿದ್ದರೆ, ಬದುಕು ಸಾಕು ಎಂದಿದ್ದರೆ ಕಾಯಬೇಡಿ. ಜ್ವರಕ್ಕೆ ಹೋದಷ್ಟೇ ಸಹಜವಾಗಿ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಮನೋವೈದ್ಯರು ಬರುವ ದಿನ ಕೇಳಿ ತಿಳಿದುಕೊಳ್ಳಿ. ಹೋಗಲಾಗದಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸೇವೆ ಅದು. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಇದೆ, ಅದು ನಿಮ್ಮ ಹತ್ತಿರವೇ ಇದೆ, ಅದು ನಿಮ್ಮ ಹಕ್ಕು. ದಯವಿಟ್ಟು ಕೇಳಿ ಪಡೆಯಿರಿ.